ಅಳಿಯ ತಂದ ಮೀನು

ಈ ಮೀನಿನ ಸುದ್ದಿಯನ್ನು ನನಗೆ ಮೊದಲು ಹೇಳಿದವರು ಕೆರೆಯ ಬಲೆ ಕಾಕಾ. ನಮ್ಮಲ್ಲಿ ರೆಕ್ಕೆ, ಬಾಲ, ನಾಲ್ಕು ಕಾಲು ಇರುವ ಯಾವುದಕ್ಕೆ ಏನೇ ಆದರೂ ಸುದ್ದಿ ಕೊನೆಗೆ ನನ್ನ ಬಾಗಿಲಿಗೇ ಬಂದು ನಿಲ್ಲುತ್ತದೆ. ಇಪ್ಪತ್ತು ವರ್ಷದಿಂದ ಧಾರವಾಡದ ಒಂದು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೇನೆ. ಸಪ್ತಾಪುರದ ನಮ್ಮ ಓಣಿಯ ಮಟ್ಟಿಗೆ ಇದರ ಅರ್ಥ ಇಷ್ಟೇ: ಬಚ್ಚಲಿಗೆ ಹಾವು ಬಂದರೆ ನನಗೆ ಫೋನು, ನಾಯಿ ಉಣ್ಣದಿದ್ದರೆ ನನಗೆ ಫೋನು, ಬಲಭುಜದ ಮೇಲೆ ಹಲ್ಲಿ ಬಿದ್ದರೆ ಏನು ಫಲ ಎಂದು ಕೇಳುವುದಕ್ಕೂ ನನಗೇ ಫೋನು. ಅದೆಲ್ಲ ನನಗೆ ಗೊತ್ತಿಲ್ಲ ಎಂದರೆ, "ಹಂಗಾದ್ರ ಕಾಲೇಜಿನ್ಯಾಗ ಏನ್ ಕಲಸ್ತೀರಿ?" ಎಂದು ಕೇಳಿದವರೂ ಇದ್ದಾರೆ.

೧. ಯಾರ ಪೈಕಿ?

ಬಲೆ ಕಾಕಾ ಎಂದರೆ ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದ ಕೆರೆಯಲ್ಲಿ ದಿನಾ ಬೆಳಿಗ್ಗೆ ಬಲೆ ಬೀಸುವವರು. ಅವರ ಅಪ್ಪನೂ ಅಲ್ಲೇ ಬೀಸಿದವರು. ಬೆರಳುದ್ದದ ಸಣ್ಣ ಮೀನು ಅವರ ಬದುಕು. ಬುಟ್ಟಿ ತುಂಬಿತೆಂದರೆ ಅವರ ಹೆಂಡತಿ ಒಂಬತ್ತು ಗಂಟೆಯೊಳಗೆ ಮಾರಿ ಮುಗಿಸುತ್ತಿದ್ದರು. ನಾನು ಗಿರಾಕಿಯಲ್ಲ, ನಮ್ಮ ಮನೆಯಲ್ಲಿ ಮೊಟ್ಟೆಗೂ ಪ್ರವೇಶವಿಲ್ಲ. ಹುಡುಗರಿಗೆ ತೋರಿಸಲೆಂದು ಆಗಾಗ ಒಂದೆರಡು ಮೀನು ಕೇಳಿ ಪಡೆದದ್ದರಿಂದ ಆದ ಪರಿಚಯ. ಓಣಿಗೂ ಅವರಿಗೂ ನಾನು 'ಬಾಯಾರು', ಅಂದರೆ ಮೇಡಮ್ಮು.

ಆಷಾಢದ ಒಂದು ಬೆಳಿಗ್ಗೆ, ತುಂತುರು ಮಳೆಯಲ್ಲಿ ಕೆರೆ ದಂಡೆಗೆ ಹೋಗಿದ್ದೆ. ವಾಕಿಂಗಿನವರು ಯಾರೂ ಬಂದಿರಲಿಲ್ಲ. ಕಾಕಾ ಕೈ ಮಾಡಿ ಕರೆದರು. ಕಲ್ಲಿನ ಮೇಲೆ ಒಂದು ಮೊಳದ ಮೀನು. ಬಂಗಾರದ ಬಣ್ಣದ ಮೈ, ಮೂರು ಕಪ್ಪು ಪಟ್ಟೆ, ಬಾಲದ ಬುಡದಲ್ಲಿ ಕಣ್ಣಿನಂಥ ದುಂಡು ಮಚ್ಚೆ.

"ಬಾಯಾರ, ಇದು ಯಾರ ಪೈಕಿ ಅಂತ ನೋಡ್ರಿ."

ನೋಡಿದೆ. ಪೀಕಾಕ್ ಬಾಸ್. ಪುಸ್ತಕದಲ್ಲಿ ಬಿಟ್ಟರೆ ನಾನೂ ಅವತ್ತೇ ನೋಡಿದ್ದು. ಗಾಳದ ಶೋಕಿಯವರು ಪ್ರಾಣ ಬಿಡುವ ಮೀನು. ಗಾಳಕ್ಕೆ ಸಿಕ್ಕರೆ ಪೈಲವಾನನ ಹಾಗೆ ಕುಸ್ತಿ ಹಿಡಿಯುತ್ತದಂತೆ.

"ನಮ್ಮ ಪೈಕಿ ಅಲ್ಲ ಕಾಕಾ. ದಕ್ಷಿಣ ಅಮೆರಿಕಾದ್ದು."

"ಅಷ್ಟು ದೂರದಿಂದ ಬಂದೈತೇನು? ಅದಕ್ಕ ಹಸಿವಿ ಜೋರೈತಿ," ಎಂದು ಕಾಕಾ ಅದರ ಹೊಟ್ಟೆ ಸೀಳಿದರು. ಒಳಗೆ ಏಳು ಸಣ್ಣ ಮೀನು, ಕೆಲವಕ್ಕೆ ಇನ್ನೂ ಹೊಳಪು ಹೋಗಿರಲಿಲ್ಲ. "ನಾ ಬಲಿ ಹಾಕೂದು ಕೆರ್ಯಾಗ, ಮೀನು ಇರೂದು ಇದರ ಹೊಟ್ಟ್ಯಾಗ."

ಆಮೇಲೆ ನಗದೆ ಹೇಳಿದರು. ಮೂರು ತಿಂಗಳಿಂದ ಬುಟ್ಟಿಯ ತಳ ಮುಚ್ಚುವಷ್ಟೂ ಸಣ್ಣ ಮೀನು ಸಿಗುತ್ತಿಲ್ಲ. ಹುಬ್ಬಳ್ಳಿಯ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್ ಕೆಲಸ ಇದೆಯಂತೆ. "ದೀಪಾವಳಿ ತನಕ ನೋಡತೀನಿ ಬಾಯಾರ. ಸಣ್ಣವು ತಿರುಗಿ ಕಂಡ್ರ ಇರತೀನಿ. ಇಲ್ಲಂದ್ರ ಬಲಿ ಮಾರಿ, ಗೇಟ್ ಕಾಯಾಕ ಹೋಗತೀನಿ."

"ಈ ದೊಡ್ಡವನ್ನ ಹಿಡದು ಮಾರ್ರಿ ಮತ್ತ."

"ಹಿಡಿಯಾಕ ಬಿಡಬೇಕಲ್ರಿ! ವಾಕಿಂಗಿನ ಮಂದಿ ಒದರತಾರ. ಇವತ್ತ ಮಳಿ ಐತಿ, ಯಾರೂ ನೋಡಲಿಲ್ಲ. ಇದು ಮಾಸ್ತರ ಮೀನಂತ, ಮುಟ್ಟಬಾರದಂತ."

"ಯಾವ ಮಾಸ್ತರು?"

"ನಿಮ್ಮ ಎದುರುಮನಿಯವರು."

ದಕ್ಷಿಣ ಅಮೆರಿಕದ ಮೀನಿನ ವಿಳಾಸ ಹುಡುಕಲು ನಾನು ರಸ್ತೆ ದಾಟಿದರೆ ಸಾಕಾಗಿತ್ತು.

೨. ಸೋಮವಾರದ ವ್ರತ

ಎದುರುಮನೆಯ ಮಾಸ್ತರು ನಲವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಅವರ ಅಳಿಯನಿಗೆ ಹುಬ್ಬಳ್ಳಿಯ ಅಮರಗೋಳದ ಮಾರ್ಕೆಟ್ ಯಾರ್ಡಿನಲ್ಲಿ ಮೆಣಸಿನಕಾಯಿಯ ಅಡತಿ, ಅಂದರೆ ದಲ್ಲಾಳಿ ಅಂಗಡಿ. ಯಾರೋ ವಾಸ್ತು ನೋಡುವವನು, ಅಂಗಡಿಯ ಈಶಾನ್ಯ ಮೂಲೆಯಲ್ಲಿ ಬಂಗಾರ ಬಣ್ಣದ ಮೀನು ಇರಲಿ ಎಂದಿದ್ದಾನೆ. ಅಳಿಯ ತಂದಿಟ್ಟ. ಮೀನು ಬೆಳೆಯಿತು, ಗಿರಾಕಿಗಳು ಮೆಣಸಿನಕಾಯಿ ಬಿಟ್ಟು ಮೀನು ನೋಡುತ್ತ ನಿಂತರು. ಅಳಿಯ ಗಾಜಿನ ಪೆಟ್ಟಿಗೆ ಸಮೇತ ತಂದು ಮಾವನಿಗೆ ಕೊಟ್ಟ. ಅಳಿಯಂದಿರು ಕೊಟ್ಟದ್ದನ್ನು ಬೇಡ ಎನ್ನುವ ಮನೆ ಅದಲ್ಲ.

ಮಾಸ್ತರು ಅದಕ್ಕೆ ಜೊತೆಯಿರಲಿ ಎಂದು ಹನ್ನೆರಡು ಬಣ್ಣಬಣ್ಣದ ಸಣ್ಣ ಮೀನು ತಂದು ಅದೇ ಪೆಟ್ಟಿಗೆಯಲ್ಲಿ ಬಿಟ್ಟರು. ಸಾಕುಮೀನಿನ ಅಂಗಡಿಯವನು ಒಣಗಿಸಿದ ಹುಳದ ಡಬ್ಬಿ ಕೊಡಲು ಬಂದನಂತೆ, ಇವರು ಕಿವಿ ಮುಚ್ಚಿಕೊಂಡು ಹೊರಗೆ ಬಂದರಂತೆ. ಮನೆಯಲ್ಲಿ ಇದ್ದದ್ದನ್ನೇ ಹಾಕಿದರು. ಜೋಳದ ರೊಟ್ಟಿಯ ಚೂರು, ಅನ್ನದ ಅಗುಳು, ನೆನೆಸಿದ ಹೆಸರು ಕಾಳು. ದೊಡ್ಡ ಮೀನು ಯಾವುದನ್ನೂ ಮೂಸಲಿಲ್ಲ.

ಮಾಸ್ತರ ಹೆಂಡತಿ ಸೋಮವಾರ ತಪ್ಪದೆ ಉಪವಾಸ ಮಾಡುವವರು. ಅವರಿಗೆ ಭಕ್ತಿ ಉಕ್ಕಿತು. "ಸೋಮಾರ ಅಂತೂ ರೊಟ್ಟಿ ಕಡೆ ತಿರುಗಿ ಸೈತ ನೋಡಂಗಿಲ್ಲ! ಹಿಂದಿನ ಜನ್ಮದ ಶರಣಜೀವ ಇದ್ದೀತು," ಎಂದು ಓಣಿಯವರನ್ನೆಲ್ಲ ಕರೆದು ತೋರಿಸಿದರು. ಎರಡು ಮನೆಯವರು ಹೂವು ತಂದಿದ್ದರು. ಪ್ರಾಣಿಶಾಸ್ತ್ರದವಳು ಏನಾದರೂ ಅಂದಾಳೆಂದು ನನ್ನೊಬ್ಬಳನ್ನು ಮಾತ್ರ ಕರೆದಿರಲಿಲ್ಲ.

ಅತ್ತ ಹನ್ನೆರಡು ಸಣ್ಣ ಮೀನು ಹತ್ತಾದವು. ಹತ್ತು ಏಳಾದವು. ಮಾಸ್ತರು ದಿನಾ ಬೆಳಿಗ್ಗೆ ಎಣಿಸುತ್ತಿದ್ದರು, ಲೆಕ್ಕ ಕೂಡುತ್ತಿರಲಿಲ್ಲ. ಬೆಕ್ಕಿನ ಮೇಲೆ ಅನುಮಾನವಾಗಿ ಪೆಟ್ಟಿಗೆಗೆ ಮುಚ್ಚಳ ಮಾಡಿಸಿದರು. ಏಳು ನಾಲ್ಕಾದವು. ಆಗ ತಮ್ಮ ಕಣ್ಣಿನ ಮೇಲೇ ಅನುಮಾನವಾಗಿ ಹೊಸ ಚಶ್ಮಾ ಹಾಕಿಸಿಕೊಂಡರು. ಹೊಸ ಚಶ್ಮಾದಲ್ಲಿ ಸ್ಪಷ್ಟವಾಗಿ ಸೊನ್ನೆ ಕಂಡಿತು. ವ್ರತ ಹಿಡಿದ ಮೀನು ಮಾತ್ರ ಎರಡು ಪಟ್ಟು ದಪ್ಪಾಗಿತ್ತು.

ಇದನ್ನು ನನಗೆ ಹೇಳುವಾಗಲೂ ಮಾಸ್ತರ ಹೆಂಡತಿಗೆ ಆ ಮೀನಿನ ಮೇಲೆ ಎಳ್ಳಷ್ಟು ಸಂಶಯವಿರಲಿಲ್ಲ. ಉಪವಾಸವಿದ್ದ ಜೀವ ಹೇಗೆ ದಪ್ಪಾಗುತ್ತದೆ ಎಂದು ನಾನು ಕೇಳಿದ್ದಕ್ಕೆ ಎದ್ದು ನಿಂತು, ಸೆರಗು ಸರಿಮಾಡಿಕೊಂಡು ಹೇಳಿದರು:

"ನಾ ಮೂವತ್ತು ವರ್ಷಾತು ಸೋಮಾರ ಮಾಡಾಕತ್ತು. ಉಪವಾಸದಿಂದ ಮೈ ಇಳಿಯಂಗಿಲ್ರಿ ಬಾಯಾರ, ಏರತೈತಿ. ನನ್ನ ನೋಡ್ರಲಾ."

೩. ಮಾವನ ಕೆರೆ

ಪೆಟ್ಟಿಗೆ ಸಾಲದಾದಾಗ ಮೀನನ್ನು ಏನು ಮಾಡುವುದೆಂದು ಮನೆಯಲ್ಲಿ ಚರ್ಚೆಯಾಯಿತಂತೆ. ಕೊಲ್ಲುವ ಮಾತೇ ಇಲ್ಲ, ಕೊಲ್ಲುವವರ ಕೈಗೆ ಕೊಡುವುದೂ ಇಲ್ಲ. ಒಂದು ಸೋಮವಾರ ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಅದರಲ್ಲಿ ಮೀನು ತುಂಬಿಕೊಂಡು ಹೋಗಿ ಕೆರೆಗೆ ಬಿಟ್ಟು ಬಂದರು.

ಎರಡು ತಿಂಗಳಿಗೆ ಅಳಿಯ ಬಂದ. ಚಹಾ ಕುಡಿಯುತ್ತ, "ಮಾಮಾರ, ನಮ್ಮ ಮೀನೆಲ್ಲಿ?" ಎಂದ. ಮಾಸ್ತರು ಅರ್ಧ ಚಹಾಕ್ಕೇ ಎದ್ದರು. ಅಳಿಯನನ್ನು ಕೆರೆ ದಂಡೆಗೆ ಕರೆದೊಯ್ದು, ನೀರಿನಲ್ಲಿ ಎಲ್ಲೋ ಗುಳ್ಳೆ ಎದ್ದ ಕಡೆ ಬೆರಳು ತೋರಿಸಿದರು.

"ಅಗೋ ನೋಡ್ರಿ, ಅಲ್ಲೇ ಐತಿ. ಆರಾಮ ಐತಿ."

ಅಳಿಯ ಬೇಸರ ಮಾಡಿಕೊಳ್ಳಲಿಲ್ಲ. ಕೆರೆಯನ್ನು ಆಚೆ ದಂಡೆಯ ತನಕ ಕಣ್ಣು ತುಂಬ ನೋಡಿ, "ಎಷ್ಟು ದೊಡ್ಡ ಜಾಗಾ ಕೊಟ್ರಿ ಮಾಮಾರ!" ಎಂದ. ಮಾಸ್ತರಿಗೆ ಜೀವ ಬಂತು.

ಆದರೆ ಆ ವಾಸ್ತುವಿನವನು ಮಾರ್ಕೆಟ್ಟಿನ ಇನ್ನೂ ಐದಾರು ಅಂಗಡಿಗೆ ಇದೇ ಮೀನು ಹೇಳಿದ್ದ. ಎಲ್ಲರ ಮೀನೂ ಬೆಳೆದಿದ್ದವು, ಎಲ್ಲರಿಗೂ ಇದೇ ಚಿಂತೆ. ಅಳಿಯ ಹೋಗಿ, ಧಾರವಾಡದಲ್ಲಿ ನಮ್ಮ ಮಾವನವರ ಕೆರೆ ಇದೆ ಎಂದ. ಮುಂದಿನ ಭಾನುವಾರಗಳಲ್ಲಿ ಎಣ್ಣೆಯ ಕ್ಯಾನುಗಳಲ್ಲಿ, ಬಕೆಟ್ಟುಗಳಲ್ಲಿ ಮೀನು ಬರತೊಡಗಿದವು. ಮೀನು ಬಿಟ್ಟು, ಕೈ ಮುಗಿದು, ಮಾಸ್ತರ ಮನೆಯಲ್ಲಿ ಉಪ್ಪಿಟ್ಟು ತಿಂದು ಹೋಗುವುದು ರೂಢಿಯಾಯಿತು. ಒಂಟಿಯಾಗಿದ್ದ ಮೀನಿಗೆ ಹೀಗೆ ಸಂಬಂಧ ಕೂಡಿ ಬಂದು, ಮಳೆಗಾಲದ ಹೊತ್ತಿಗೆ ಕೆರೆಯಲ್ಲಿ ಮರಿಗಳ ದಂಡು.

ಒಬ್ಬ ಶೇಂಗಾ ವ್ಯಾಪಾರಿ ಮೀನು ಬಿಡುವಾಗ, ಮಗಳನ್ನು ಗಂಡನ ಮನೆಗೆ ಕಳಿಸಿದಂತೆ ಕಣ್ಣೊರೆಸಿಕೊಂಡು, ಅಲ್ಲೇ ಬಲೆ ಬಿಡಿಸುತ್ತಿದ್ದ ಕಾಕಾನ ಕಡೆ ತಿರುಗಿದನಂತೆ.

"ಸ್ವಲ್ಪ ನೋಡ್ಕೊಳ್ರಿ ಕಾಕಾ. ಅದಕ್ಕ ಸಣ್ಣ ಮೀನಂದ್ರ ಭಾಳ ಸೇರತಾವು."

"ಗೊತ್ತೈತ್ರಿ," ಎಂದರು ಕಾಕಾ.

೪. ಪೇಡೆ ಡಬ್ಬಿ

ಇದು ನನ್ನದೇ ಫಜೀತಿ. ಮೀನಿನ ಗುರುತನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಪಕ್ಕಾ ಮಾಡಿಕೊಳ್ಳೋಣ ಎಂದುಕೊಂಡೆ. ಕಾಕಾ ಒಂದು ಗೇಣುದ್ದದ ಸತ್ತ ಮರಿ ಕೊಟ್ಟರು. ಅದನ್ನು ಒಯ್ಯಲು ಮನೆಯ ಯಾವ ಪಾತ್ರೆ ಮುಟ್ಟಿದರೂ ಅತ್ತೆಯವರು ಅದನ್ನು ಮತ್ತೆ ಒಳಗೆ ಸೇರಿಸುವುದಿಲ್ಲ. ಸಿಕ್ಕದ್ದು ಒಂದು ಕಿಲೋದ ಖಾಲಿ ಪೇಡೆ ಡಬ್ಬಿ. ಐಸಿನ ಚೂರು ಹಾಕಿ, ಪ್ಲಾಸ್ಟಿಕ್ ಸುತ್ತಿ, ದಾರ ಕಟ್ಟಿ ಒಯ್ದೆ.

ಧಾರವಾಡದಲ್ಲಿ ಪೇಡೆ ಡಬ್ಬಿಯನ್ನು ಸ್ಟಾಫ್ ರೂಮಿನ ಮೇಜಿನ ಮೇಲೆ ಇಟ್ಟು ಕೈ ತೊಳೆಯಲು ಹೋಗಬಾರದು. ಇಷ್ಟು ವರ್ಷ ಇಲ್ಲಿದ್ದೂ ಅದು ನನಗೆ ತಿಳಿದಿರಲಿಲ್ಲ. ತಿರುಗಿ ಬರುವಷ್ಟರಲ್ಲಿ ದಾರ ಬಿಚ್ಚಿತ್ತು. "ಏನ್ರಿ, ಪ್ರಮೋಶನ್ ಆತೇನು? ಹೇಳಲೇ ಇಲ್ಲ!" ಎಂದು ಒಬ್ಬರು ಕೈ ಕುಲುಕಿದರು. ಇತಿಹಾಸದ ಸರು ಪೇಪರಿನಿಂದ ತಲೆ ಎತ್ತದೆ ಡಬ್ಬಿಯೊಳಗೆ ಕೈ ಹಾಕಿಬಿಟ್ಟಿದ್ದರು. "ಸರ್, ಸರ್!" ಎಂದು ನಾನು ಓಡಿದೆ.

ಅವರು ಪೇಪರು ಓದುತ್ತಲೇ, ಬೆರಳಿನಿಂದ ಒತ್ತಿ ನೋಡುತ್ತಲೇ, ನನಗೆ ಬುದ್ಧಿ ಹೇಳಿದರು: "ಮೇಡಮ್ಮಾರ, ಪೇಡೇನ ಫ್ರಿಜ್ಜಿನ್ಯಾಗ ಇಡಬಾರದ್ರಿ. ನೋಡ್ರಿ, ಹೆಂಗ ಬಿರುಸಾಗ್ಯಾವು!"

೫. ಹಲ್ಲಿನ ಡಾಕ್ಟರು

ಕೆರೆಯಲ್ಲಿ ಪೀಕಾಕ್ ಬಾಸ್ ಇದೆ ಎನ್ನುವುದು ಎಲ್ಲಿಂದಲೋ ಹುಬ್ಬಳ್ಳಿಯ ಗಾಳದ ಶೋಕಿಯವರಿಗೆ ತಿಳಿಯಿತು. ಕಾರಿನಲ್ಲಿ ಬಂದರು. ಮಡಚುವ ಕುರ್ಚಿ, ಟೊಪ್ಪಿಗೆ, ಪೆಟ್ಟಿಗೆ ತುಂಬ ಬಣ್ಣದ ಪ್ಲಾಸ್ಟಿಕ್ ಮೀನು. ಅವರ ಮುಖಂಡರು ಹಲ್ಲಿನ ಡಾಕ್ಟರು. ವಾಕಿಂಗಿನವರು ಅವರ ಮೇಲೂ ಒದರಲು ಹೋದರು. ಹಿಡಿದು ತಿರುಗಿ ನೀರಿಗೇ ಬಿಡುತ್ತೇವೆ ಎಂದದ್ದಕ್ಕೆ ಖುಷಿಯಾಗಿ ನೋಡುತ್ತ ನಿಂತರು.

ನಾನೂ ಕಾಕಾನೂ ಒಂದು ಕಡೆ ಕೂತಿದ್ದೆವು. ಕಾಕಾ ಒಂದು ಪ್ಲಾಸ್ಟಿಕ್ ಮೀನನ್ನು ಕೈಯಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದರು.

"ಬಾಯಾರ, ಪ್ಲಾಸ್ಟಿಕ್ಕಿಂದು ಕೊಟ್ಟು ಖರೇದು ತಗೊಂತಾರ. ಇದು ತಿಳೀತು. ಮತ್ತ ಖರೇದನ್ನೂ ತಿರುಗಿ ಕೊಟ್ಟು ಹೊಕ್ಕಾರಲಾ, ಅದು ತಿಳೀವಲ್ಲದು."

ಅಷ್ಟರಲ್ಲಿ ಡಾಕ್ಟರಿಗೆ ಒಂದು ಸಿಕ್ಕಿತು. ಹತ್ತು ನಿಮಿಷ ಜಗ್ಗಾಟ. ದಂಡೆಗೆ ತಂದು, ಅಪ್ಪಿಕೊಂಡು ಫೋಟೋ ತೆಗೆಸಿಕೊಂಡು, ಒದ್ದೆ ಬಟ್ಟೆಯ ಮೇಲೆ ಮಲಗಿಸಿ ಗಾಳದ ಕೊಕ್ಕೆ ಬಿಡಿಸತೊಡಗಿದರು. ಕೈಯಲ್ಲಿ ಇಕ್ಕಳ ಬಂದ ಕೂಡಲೇ ರೂಢಿಯ ಮಾತು ತಾನಾಗಿ ಬಂತು: "ಬಾಯಿ ದೊಡ್ಡದು ತಗೀರಿ... ಇನ್ನೂ ಸ್ವಲ್ಪ... ನೋವಾಗಂಗಿಲ್ಲ... ಹಾಂ, ಆತಾತು." ಕೊಕ್ಕೆ ಬಂತು. ಮೀನನ್ನು ಹಗುರಕ್ಕೆ ನೀರಿಗೆ ಇಳಿಸುತ್ತ, "ಎರಡು ತಾಸು ಏನೂ ತಿನ್ನಬ್ಯಾಡ್ರಿ," ಎಂದರು.

ಕಾಕಾ ಎದ್ದು ನಿಂತು ಕೈ ಮುಗಿದರು. "ಸಾಹೇಬ್ರ, ಎರಡು ತಾಸು ಸಾಲಂಗಿಲ್ರಿ. ದೀಪಾವಳಿ ತನಕ ಬ್ಯಾಡಂತ ಹೇಳ್ರಿ."

೬. ಕೊಡದ ಉದ್ಘಾಟನೆ

ಮಾಸ್ತರು ಕೊನೆಗೆ ಒಪ್ಪಿದ್ದು ಕಣ್ಣಾರೆ ನೋಡಿದ ಮೇಲೆ. ಕಾಕಾ ಅವರೆದುರು ಒಂದು ಮೀನಿನ ಹೊಟ್ಟೆ ಸೀಳಿದರು. ಮಾಸ್ತರು ಅಂಥದ್ದನ್ನು ಜನ್ಮದಲ್ಲಿ ನೋಡಿದವರಲ್ಲ. ಆದರೂ ಚಶ್ಮಾ ಒರೆಸಿಕೊಂಡು ಒಳಗಿನವನ್ನು ಎಣಿಸಿದರು. ಮತ್ತೊಮ್ಮೆ ಎಣಿಸಿ, "ಅಂದ್ರ ನಮ್ಮ ಮನ್ಯಾಗ ಇದ್ದಾಗ ಅದು ಉಪವಾಸ ಇರಲಿಲ್ಲ?" ಎಂದರು.

"ಇರಲಿಲ್ರಿ."

"ಮನ್ಯಾಗ ಹೇಳಬ್ಯಾಡ್ರಿ."

ಆಮೇಲೆ ಕಾಕಾನ ಬಲೆ ನೋಡಿದರು, ಬುಟ್ಟಿ ನೋಡಿದರು. "ನನ್ನಿಂದ ನಿನ್ನ ಬುಟ್ಟಿ ಖಾಲಿ ಆತಲ್ಲೋ," ಎಂದರು. ಅವತ್ತಿನಿಂದ ಕಾಕಾನ ಮೇಲೆ ಒದರುವವರ ಮೇಲೆ ಮಾಸ್ತರೇ ಒದರತೊಡಗಿದರು. ವಾಕಿಂಗ್ ಸಂಘಕ್ಕೆ ಅವರೇ ಅಧ್ಯಕ್ಷರು. ದಸರೆ ಮುಗಿದ ಮೇಲೆ ಕೆರೆ ದಂಡೆಯಲ್ಲಿ ಒಂದು ಜಾಗೃತಿ ಕಾರ್ಯಕ್ರಮ ಇಟ್ಟರು. ಹೊರಗಿನ ಮೀನನ್ನು ಕೆರೆಗೆ ಬಿಡಬಾರದು ಎನ್ನುವುದು ವಿಷಯ. ಭಾಷಣ ನನ್ನದು. ಮುಖ್ಯ ಅತಿಥಿಗಳು ಒಬ್ಬ ಮುಖಂಡರು, ಶಾಲು ಹೊದ್ದುಕೊಂಡೇ ಬಂದಿದ್ದರು.

ನಾನು ಅರ್ಧ ತಾಸು ಮಾತಾಡಿದೆ. ಜನ ಗಂಭೀರವಾಗಿ ತಲೆ ಆಡಿಸಿದರು. ನನಗೇ ನನ್ನ ಬಗ್ಗೆ ಗೌರವ ಬಂತು. ಆಗ ಮಾಸ್ತರು ಮೈಕಿಗೆ ಬಂದು, "ಗಾಳಿಗೆ ದೀಪ ನಿಲ್ಲವಲ್ಲದು. ಅದಕ್ಕ ಅತಿಥಿಗಳು ಕೆರಿಗೆ ಮೀನು ಬಿಡೂದರ ಮೂಲಕ ಉದ್ಘಾಟನಾ ಮಾಡತಾರ," ಎಂದು ಘೋಷಿಸಿದರು. ಕುಂಕುಮ ಹಚ್ಚಿ, ಚೆಂಡುಹೂವಿನ ಮಾಲೆ ಹಾಕಿದ ಕೊಡವೊಂದು ಅಳಿಯನ ಹೆಗಲ ಮೇಲೆ ಬಂತು. ಇಣುಕಿ ನೋಡಿದೆ. ಬಂಗಾರದ ಮೈ, ಬಾಲದಲ್ಲಿ ಕಣ್ಣು. ಬೆರಳುದ್ದದ ಮರಿಗಳು, ಇಪ್ಪತ್ತಾದರೂ ಇದ್ದಾವು.

"ಮಾಸ್ತರ, ಏನಿದು?" ಎಂದು ಪಿಸುಗುಟ್ಟಿದೆ.

"ಅಳಿಯಂದ್ರ ಕಡಿಂದ ತರಿಸೇನ್ರಿ. ಛಲೋ ಕಾಣತಾವು. ಇನ್ನೂ ಸಣ್ಣವು, ಇವು ಯಾರನ್ನ ತಿಂದಾವು?"

"ಹೊರಗಿನ ಮೀನು ಬಿಡಬಾರದು ಅಂತಲ್ರಿ ಕಾರ್ಯಕ್ರಮ!"

"ಹೊರಗಿನಾವು ಅಲ್ರಿ ಬಾಯಾರ," ಮಾಸ್ತರು ನನ್ನನ್ನೇ ಸಮಾಧಾನ ಮಾಡಿದರು, "ಹುಬ್ಬಳ್ಳಿಯಾವು."

ಮುಖಂಡರು ಆಗಲೇ ನೀರಿನ ಮೆಟ್ಟಿಲಲ್ಲಿ ಕೊಡ ಬಗ್ಗಿಸಿದ್ದರು. ನಾನು ಹೋಗಿ ಕೊಡದ ಕಂಠ ಹಿಡಿದೆ. ಅವರು ಒಂದು ಕಡೆ, ನಾನು ಒಂದು ಕಡೆ. ಫೋಟೋದವನು, "ಮೇಡಮ್, ಹಂಗ ಹಿಡೀರಿ, ಭಾರಿ ಬಂದೈತಿ," ಎಂದ. ಮುಖಂಡರು ನಗುಮುಖ ಕ್ಯಾಮೆರಾದ ಕಡೆ ಇಟ್ಟುಕೊಂಡೇ ಹಲ್ಲಿನ ಸಂದಿಯಲ್ಲಿ, "ಬಾಯಾರ, ಬಿಡ್ರಿ, ಮಂದಿ ನೋಡಾಕತ್ತಾರ," ಎಂದರು. ನಾನು ಬಿಡಲಿಲ್ಲ. ಶಾಲು ಜಾರಿತು. ಕೊಡ ನನ್ನ ಕೈಯಿಂದಲೂ ಜಾರತೊಡಗಿತು.

ಹಿಂದಿನ ಸಾಲಿನಲ್ಲಿ ಕೂತಿದ್ದ ಬಲೆ ಕಾಕಾ ಬಂದದ್ದೇ ಗೊತ್ತಾಗಲಿಲ್ಲ. ಸೊಂಟದ ತನಕ ನೀರಿಗಿಳಿದು, ಸಣ್ಣ ಕಣ್ಣಿನ ಬಲೆಯನ್ನು ಕೊಡದ ಬಾಯಿಯ ಕೆಳಗೆ ಜೋಳಿಗೆಯಂತೆ ಹಿಡಿದು, "ಈಗ ಬಿಡ್ರಿ ಸಾಹೇಬ್ರ," ಎಂದರು. ಕೊಡ ಬಗ್ಗಿತು. ಚಪ್ಪಾಳೆ ಬಿತ್ತು, ಫೋಟೋ ಬಂತು. ಒಂದೂ ಮೀನು ಕೆರೆ ಮುಟ್ಟಲಿಲ್ಲ. ಕಾಕಾ ಬಲೆ ಸುತ್ತಿ ಬೆನ್ನ ಹಿಂದೆ ಹಿಡಿದು ನಿಂತರು.

ಮುಖಂಡರು ಬಗ್ಗಿ ನೀರು ನೋಡಿದರು. ಏನೂ ಕಾಣಲಿಲ್ಲ. ಶಾಲು ಸರಿಮಾಡಿಕೊಂಡು, ಮೈಕು ತೆಗೆದುಕೊಂಡು ಹೇಳಿದರು: "ಬಿಟ್ಟದ್ದ ತಡಾ ಇಲ್ಲ, ಎಲ್ಲಾ ಮಾಯ! ನಮ್ಮ ಧಾರವಾಡದ ಮೀನು ಎಷ್ಟು ಚುರುಕು ಅದಾವು ನೋಡ್ರಿ!"

೭. ಭಾಷಣದ ಫಲ

ದೀಪಾವಳಿಗೆ ನಾಲ್ಕು ದಿನ ಇರುವಾಗ ಕಾಕಾ ಮನೆಗೇ ಬಂದರು. ಬಲೆ ಮಾರಿದ ಸುದ್ದಿಯೇ ಇರಬೇಕೆಂದುಕೊಂಡೆ.

"ಬಾಯಾರ, ನಿಮ್ಮ ಭಾಷಣ ಮಂದಿಗೆ ಭಾಳ ಛಲೋ ತಿಳದೈತಿ."

"ಏನಾತು ಕಾಕಾ?"

"ಕೆರಿಗೆ ಮೀನು ಬಿಡಬಾರದು ಅಂದ್ರಲಾ, ಈಗ ಯಾರೂ ಬಿಡವಲ್ರು. ಧಾರವಾಡದವರು, ಹುಬ್ಬಳ್ಳಿಯವರು, ಮಾರ್ಕೆಟ್ಟಿನವರು, ಎಲ್ಲಾರೂ ಮೀನು ತಗೊಂಡು ಸೀದಾ ನನ್ನ ಹಂತ್ಯಾಕ ಬರಾಕತ್ತಾರ. 'ಕಾಕಾ, ನಾವು ಬಿಡಬಾರದಂತ. ನೀವ ಬಿಟ್ಟುಬಿಡ್ರಿ' ಅಂತಾರ."

ನಾನು ಹಣೆಗೆ ಕೈ ಹಚ್ಚಿಕೊಂಡು ಕಟ್ಟೆಯ ಮೇಲೆ ಕೂತೆ. ಅರ್ಧ ತಾಸು ಮಾತಾಡಿದ್ದೆ. "ನೀವೇನಂದ್ರಿ?"

"'ಇಟ್ಟು ಹೋಗ್ರಿ, ನಾ ನೋಡ್ಕೊಂತೀನಿ' ಅಂದೆ. ಕೈ ಮುಗದು ಹೊಕ್ಕಾರ."

"ಮತ್ತ ಕೆರಿಗೆ..."

"ಏ, ಕೆರಿಗೆ ಯಾಕ ಬಿಡ್ಲಿ?" ಕಾಕಾ ಎದುರುಮನೆಯ ಕಡೆ ಒಮ್ಮೆ ನೋಡಿ ದನಿ ಇಳಿಸಿದರು. "ಖಾರಾ ಹಚ್ಚಿ ಹುರದ್ರ ಭಾಳ ರುಚಿರಿ. ಮುಳ್ಳೂ ಕಡಿಮಿ. ಕೆರ್ಯಾಗಿನ ದೊಡ್ಡವನ್ನೂ ದಿನಾ ಹಿಡಿಯಾಕತ್ತೇನಿ, ಮಾಸ್ತರ ದಂಡಿ ಮ್ಯಾಲ ನಿಂತು ಕಾಯತಾರ. ನಮ್ಮ ಓಣ್ಯಾಗ ಗಿರಾಕಿ ಸಾಲು ಹಚ್ಚತಾವು."

"ಹುಬ್ಬಳ್ಳಿ ಕೆಲಸ?"

"ಬರಂಗಿಲ್ಲ ಅಂತ ನಿನ್ನೆ ಫೋನ್ ಮಾಡಿ ಹೇಳೇನಿ. ಬಲ್ಯಾಗ ಸಣ್ಣವು ಒಂದು ಬೊಗಸಿ ಬಂದಿದ್ದುವು. ಒಂದ ಬೊಗಸಿ. ಆದ್ರೂ ಬಂದ್ವಲಾ. ಮುಂದಿನ ಮಳಿಗಾಲ ತನಕ ನೋಡತೀನಿ."

ಹೋಗುವಾಗ ಗೇಟಿನ ಹತ್ತಿರ ನಿಂತು ತಿರುಗಿದರು. "ಇನ್ನೂ ಯಾರ್ಯಾರ ಮನ್ಯಾಗ ಅದಾವೋ ಏನೋ. ನೀರಿಗೆ ಬಿಡಬ್ಯಾಡ್ರಿ, ಕಾಕಾನ ಕೈಯಾಗ ಕೊಡ್ರಿ, ಛಲೋತ್ನ್ಯಾಗಿ ನೋಡ್ಕೊಂತಾನ ಅಂತ ನಾಲ್ಕು ಮಂದಿಗೆ ಹೇಳ್ರಿ ಬಾಯಾರ. ಹುರಿಯೂದನ್ನ ಮಾತ್ರ ಹೇಳಬ್ಯಾಡ್ರಿ. ಪಾಪ, ಮೆತ್ತನ್ನ ಮನಸಿನ ಮಂದಿ, ನೊಂದ್ಕೊಂತಾರ."

ನಾನು ಹೇಳಿದ್ದೇನೆ. ನೀವೂ ನಾಲ್ಕು ಮಂದಿಗೆ ಹೇಳಿ. ಅರ್ಧ ಹೇಳಿದರೆ ಸಾಕು.